ಚಿಂಚೋಳಿ ಕಾಡಿನಲ್ಲಿ ವಸಂತದ ಹಕ್ಕಿ ವೀಕ್ಷಣೆ: ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಕ್ಯಾಮೆರಾ

ಚಿಂಚೋಳಿ ವನ್ಯಜೀವಿ ಧಾಮಕ್ಕೆ ಹಕ್ಕಿ ನೋಡಲು ಹೋದವರು ಹಿಂದಿರುಗಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಕಾಡೆಲ್ಲ ಸುತ್ತಿದೆವು, ಕಾಗೆ, ಗೊರವಂಕ ಬಿಟ್ಟು ಏನೂ ಕಾಣಲಿಲ್ಲ.” ವಿವರ ಕೇಳುತ್ತ ಹೋದರೆ ಕಾರಣವೂ ಒಂದೇ ಆಗಿರುತ್ತದೆ. ಕಲಬುರಗಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟು ಒಂಬತ್ತೂವರೆಗೆ ಕಾಡು ಮುಟ್ಟಿರುತ್ತಾರೆ. ಎಂಟು ಹತ್ತು ಜನ ಮಾತಾಡುತ್ತ ನಡೆದಿರುತ್ತಾರೆ. ಏನಾದರೂ ಅಲುಗಿದ ಕೂಡಲೇ ಕ್ಯಾಮೆರಾ ಎತ್ತಿರುತ್ತಾರೆ.

ಕೆರೆಯ ಹಕ್ಕಿ ನೋಡಿ ಅಭ್ಯಾಸವಾದವರಿಗೆ ಈ ಕಷ್ಟ ಇನ್ನೂ ಹೆಚ್ಚು. ಸುರಪುರ ತಾಲೂಕಿನ ಬೋನಾಳ ಕೆರೆಯ ದಂಡೆಯಲ್ಲಿ ಹಕ್ಕಿಗಳು ಬಯಲಿನಲ್ಲೇ ಕೂತಿರುತ್ತವೆ. ತಡವಾಗಿ ಹೋದರೂ ಬೆಳ್ಳಕ್ಕಿ, ನೀರುಕಾಗೆ ಕಣ್ಣಿಗೆ ಬೀಳುತ್ತವೆ. ಕಾಡಿನಲ್ಲಿ ಹಾಗಿಲ್ಲ. ಇಲ್ಲಿ ಯಾವ ಕೆಲಸ ಮೊದಲು, ಯಾವುದು ನಂತರ ಎಂಬುದರ ಮೇಲೆಯೇ ಇಡೀ ದಿನ ನಿಂತಿದೆ. ಆ ಕ್ರಮವನ್ನೇ ಕೆಳಗೆ ಬಿಡಿಸಿ ಬರೆದಿದ್ದೇನೆ.

## 1. ದಿನವನ್ನೂ ಜಾಗವನ್ನೂ ಆರಿಸಿಕೊಳ್ಳುವುದು

ಫೆಬ್ರುವರಿ ನಡುಭಾಗದಿಂದ ಮಾರ್ಚ್ ಕೊನೆಯವರೆಗಿನ ದಿನಗಳನ್ನೇ ಆರಿಸಿಕೊಳ್ಳಿ. ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳು ಆಗಿನ್ನೂ ಪೂರ್ತಿ ಹೊರಟಿರುವುದಿಲ್ಲ, ಇಲ್ಲಿಯವೇ ಆದ ಹಕ್ಕಿಗಳು ಹಾಡಲು ಶುರು ಮಾಡಿರುತ್ತವೆ. ಇದು ಎಲೆ ಉದುರುವ ಒಣ ಕಾಡು. ತೇಗ, ಮತ್ತಿ, ದಿಂಡಿಲು ಬೋಳಾಗಿ ನಿಂತಿರುವ ಈ ಕಾಲದಲ್ಲಿ ಕೊಂಬೆಯ ತುದಿಯಲ್ಲಿ ಕೂತ ಸಣ್ಣ ಹಕ್ಕಿಯೂ ಕಾಣುತ್ತದೆ. ಎಲೆಯ ಮರೆ ಇಲ್ಲದಿರುವುದರಿಂದ ನೀವೂ ಅದಕ್ಕೆ ಅಷ್ಟೇ ಚೆನ್ನಾಗಿ ಕಾಣುತ್ತೀರಿ ಎಂಬುದನ್ನು ಮರೆಯಬಾರದು. ಯುಗಾದಿ ಕಳೆದ ಮೇಲೆ ಹೋಗಬಾರದೆಂದೇನೂ ಇಲ್ಲ. ಆದರೆ ಏಪ್ರಿಲ್ ಬಿಸಿಲು ಬೆಳಿಗ್ಗೆ ಒಂಬತ್ತಕ್ಕೇ ಆಟ ಮುಗಿಸಿಬಿಡುತ್ತದೆ.

ಧಾಮದ ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಕುಂಚಾವರಂ, ಎತ್ತಿಪೋತೆ ಜಲಪಾತ ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಬರುತ್ತೇವೆ ಎಂದು ಹೊರಡುವವರು ದಿನವಿಡೀ ವಾಹನದಲ್ಲೇ ಇರುತ್ತಾರೆ. ಒಂದೇ ಜಾಗ ಇಟ್ಟುಕೊಳ್ಳಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಚಂದ್ರಂಪಳ್ಳಿ. ಅಲ್ಲಿ ಕಾಡು, ನೀರು, ಬಯಲು ಮೂರೂ ಒಂದಕ್ಕೊಂದು ಹತ್ತಿರದಲ್ಲಿವೆ. ಮೂರರ ಅಂಚು ಕೂಡುವ ಕಡೆ ಹಕ್ಕಿಗಳ ಬಗೆ ಹೆಚ್ಚು.

ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 85 ಕಿ.ಮೀ. ದಾರಿ. ಮಾರ್ಚ್ ನಡುವಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಸುಮಾರಿಗೆ. ಆರೂಕಾಲಿಗೆ ನೀವು ಮರಗಳ ನಡುವೆ ನಿಂತಿರಬೇಕು. ಬೆಳಗಿನ ಬಸ್ಸನ್ನು ನಂಬಿದರೆ ಇದು ಆಗದ ಮಾತು. ಹಿಂದಿನ ರಾತ್ರಿಯೇ ಚಿಂಚೋಳಿಗೆ ಬಂದು ಉಳಿದುಕೊಳ್ಳಿ, ಇಲ್ಲವೆ ನಾಲ್ಕು ಗಂಟೆಗೆ ಸ್ವಂತ ವಾಹನದಲ್ಲಿ ಹೊರಡಿ.

## 2. ಅನುಮತಿ

ಇದು ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಳಗೆ ಹೋಗಲು ಅನುಮತಿ ಬೇಕು. ಚಿಂಚೋಳಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ಕೆಲವು ದಿನ ಮೊದಲೇ ವಿಚಾರಿಸಿ. ಎಷ್ಟು ಜನ, ಯಾವ ಭಾಗಕ್ಕೆ, ಯಾವ ಹೊತ್ತಿಗೆ ಎಂಬುದನ್ನು ಬರೆದುಕೊಡಿ. ಬೆಳಕು ಹರಿಯುವ ಮುಂಚೆ ಬರುವುದಾಗಿ ಸ್ಪಷ್ಟವಾಗಿ ತಿಳಿಸಿ. ಇಲ್ಲವಾದರೆ ಗೇಟಿನ ಮುಂದೆ ನಿಂತು ಬೆಳಗಿನ ಒಳ್ಳೆಯ ಹೊತ್ತನ್ನು ಕಳೆದುಕೊಳ್ಳುತ್ತೀರಿ. ಧಾಮದ ಒಂದು ಕಡೆ ತೆಲಂಗಾಣದ ಗಡಿ ಇದೆ, ಕಾಲುದಾರಿಯಲ್ಲಿ ಗಡಿಯ ಗುರುತು ಸಿಗುವುದಿಲ್ಲ. ಆದ್ದರಿಂದ ದಾರಿಯನ್ನು ಸಿಬ್ಬಂದಿಯಿಂದಲೇ ಕೇಳಿ ತಿಳಿದುಕೊಳ್ಳಿ.

ಕಾಡಿನೊಳಗೆ ತಾಂಡಾಗಳಿವೆ. ಅಲ್ಲಿಯ ಹಿರಿಯರು ಎದುರಾದರೆ ನಿಂತು ನಮಸ್ಕರಿಸಿ, “ಕಾಕಾ, ಈಗ ಯಾವ ಹೊಂಡದಲ್ಲಿ ನೀರು ಉಳಿದಿದೆ?” ಎಂದು ಕೇಳಿ. ಆ ಒಂದು ಪ್ರಶ್ನೆಗೆ ಸಿಗುವ ಉತ್ತರ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

## 3. ಜೊತೆಗೆ ಒಯ್ಯುವ ಸಾಮಾನು

ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಟೊಪ್ಪಿಗೆ ಅಥವಾ ಟವೆಲ್ಲು, ಮುಚ್ಚಿದ ಶೂ. ಚಪ್ಪಲಿಯಲ್ಲಿ ಬಂದವರು ಅರ್ಧ ಗಂಟೆ ಮುಳ್ಳು ಕೀಳುತ್ತ ಕೂರಬೇಕಾಗುತ್ತದೆ. ಬಟ್ಟೆ ಮಣ್ಣಿನ ಬಣ್ಣದ್ದೋ ಒಣಹುಲ್ಲಿನ ಬಣ್ಣದ್ದೋ ಇರಲಿ. ಬಿಳಿ ಅಂಗಿ ಬೇಡವೇ ಬೇಡ. ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು ಇರಲಿ. ಮೊಬೈಲಿನಲ್ಲಿ ನಕ್ಷೆಯನ್ನೂ ಹಕ್ಕಿ ಗುರುತಿಸುವ ಆ್ಯಪ್‌ನ ಈ ಭಾಗದ ಕಂತೆಯನ್ನೂ ಮನೆಯಲ್ಲೇ ಇಳಿಸಿಕೊಳ್ಳಿ. ಕಾಡಿನಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ.

ಒಂದು ತಂಡದಲ್ಲಿ ನಾಲ್ವರಿಗಿಂತ ಹೆಚ್ಚು ಜನ ಬೇಡ. ಶಾಲೆಯ ಮಕ್ಕಳನ್ನು ಕರೆತರುವ ಶಿಕ್ಷಕರಿಗೆ ಇದು ಕಷ್ಟ ಎಂದು ಗೊತ್ತು. ಆದರೂ ಮೂರು ಮೂರು ಮಕ್ಕಳ ಗುಂಪು ಮಾಡಿ, ಗುಂಪಿಗೊಬ್ಬರು ದೊಡ್ಡವರನ್ನು ಜೊತೆಮಾಡಿ ಬೇರೆ ಬೇರೆ ದಾರಿಗೆ ಕಳಿಸಿ.

## 4. ದುರ್ಬೀನನ್ನು ಮನೆಯಲ್ಲೇ ಹೊಂದಿಸಿಕೊಳ್ಳುವುದು

ಹೆಚ್ಚಿನವರು ಸೋಲುವುದು ಇಲ್ಲಿ. ದುರ್ಬೀನು ಕೈಯಲ್ಲಿದ್ದೂ ಹಕ್ಕಿ ಮಸುಕಾಗಿ ಕಾಣುತ್ತದೆ, ಇಲ್ಲವೆ ಕಪ್ಪು ನೆರಳಷ್ಟೇ ಕಾಣುತ್ತದೆ. “ನನ್ನ ಕಣ್ಣೇ ಸರಿಯಿಲ್ಲ” ಎಂದು ಕೈಬಿಟ್ಟವರನ್ನು ನೋಡಿ ನನಗೆ ಬಹಳ ಬೇಸರವಾಗಿದೆ. ತೊಂದರೆ ಕಣ್ಣಿನದಾಗಿರುವುದು ಅಪರೂಪ.

ಕೊಳ್ಳುವುದಾದರೆ 8×42 ಎಂದು ಬರೆದಿರುವುದನ್ನು ಕೊಳ್ಳಿ. 8 ಎಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ; 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರುಗಳಲ್ಲಿ. ಗಾಜು ಅಗಲವಿದ್ದಷ್ಟೂ ನಸುಕಿನಲ್ಲಿ ಹೆಚ್ಚು ಬೆಳಕು ಒಳಗೆ ಬರುತ್ತದೆ. ಹತ್ತು, ಹನ್ನೆರಡು ಪಟ್ಟಿನದು ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ. ಆದರೆ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಒಂದು ನೋಟಕ್ಕೆ ಸಿಗುವ ಜಾಗವೂ ಕಿರಿದಾಗುತ್ತದೆ. ಕಾಡಿಗೆ ಎಂಟು ಸಾಕು.

ಹೊಂದಿಸುವ ಕ್ರಮ ಹೀಗಿದೆ. ಕನ್ನಡಕ ಹಾಕುವವರು ಕಣ್ಣಿಗೆ ತಾಗುವ ರಬ್ಬರ್ ಅಂಚನ್ನು ಒಳಕ್ಕೆ ಮಡಿಸಬೇಕು ಅಥವಾ ತಿರುಗಿಸಬೇಕು. ಕನ್ನಡಕ ಇಲ್ಲದವರು ಹೊರಕ್ಕೆ ಎಳೆಯಬೇಕು. ಎರಡೂ ಕೊಳವೆಗಳನ್ನು ನಡುವಿನ ಕೀಲಿನಲ್ಲಿ ಮಡಿಸುತ್ತ, ಎರಡು ವೃತ್ತಗಳು ಕೂಡಿ ಒಂದೇ ವೃತ್ತ ಕಾಣುವವರೆಗೆ ಹತ್ತಿರ ತನ್ನಿ. ಇಪ್ಪತ್ತು ಮೂವತ್ತು ಹೆಜ್ಜೆ ದೂರದ ಒಂದು ಅಂಗಡಿಯ ಬೋರ್ಡನ್ನು ಗುರಿಯಾಗಿಟ್ಟುಕೊಳ್ಳಿ. ಬಲಭಾಗದ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಭಾಗವನ್ನು ಮುಚ್ಚಿ. ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರವಿರುವ ಸಣ್ಣ ಬಳೆಯನ್ನು ಮಾತ್ರ ತಿರುಗಿಸಿ ಅದೇ ಅಕ್ಷರವನ್ನು ಸ್ಪಷ್ಟ ಮಾಡಿಕೊಳ್ಳಿ. ಆ ಬಳೆ ನಿಂತ ಜಾಗಕ್ಕೆ ಒಂದು ಚುಕ್ಕೆ ಗುರುತು ಹಾಕಿ. ಇದಾದ ಮೇಲೆ ಕಾಡಿನಲ್ಲಿ ನಡುವಿನ ಚಕ್ರವೊಂದನ್ನೇ ತಿರುಗಿಸಿದರಾಯಿತು. ದುರ್ಬೀನನ್ನು ಬೇರೆಯವರಿಗೆ ಕೊಟ್ಟು ವಾಪಸು ಪಡೆದಾಗ ಮೊದಲು ನೋಡಬೇಕಾದದ್ದು ಆ ಚುಕ್ಕೆಯನ್ನು.

ಇನ್ನೊಂದು ಅಭ್ಯಾಸ: ಹಕ್ಕಿಯನ್ನು ಬರಿಗಣ್ಣಿನಲ್ಲಿ ಹುಡುಕಿ, ನೋಟವನ್ನು ಅದರ ಮೇಲೇ ನಿಲ್ಲಿಸಿ, ರೆಪ್ಪೆ ಇಳಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ದುರ್ಬೀನಿನೊಳಗೆ ಕಣ್ಣಿಟ್ಟು ಹಕ್ಕಿ ಹುಡುಕಿದರೆ ಸಿಗುವುದು ಕೊಂಬೆಗಳಷ್ಟೇ. ಮನೆಯ ಮಾಳಿಗೆಯ ಮೇಲೆ ನಿಂತು ಪಾರಿವಾಳ, ಗುಬ್ಬಿಗಳ ಮೇಲೆ ಒಂದು ವಾರ ಹೀಗೆ ಅಭ್ಯಾಸ ಮಾಡಿ. ಈ ಒಂದು ಚಲನೆ ಕೈಗೆ ಬಂದರೆ ಅರ್ಧ ಕೆಲಸ ಮುಗಿದಂತೆ.

## 5. ಮೊದಲ ಅರ್ಧ ಗಂಟೆ: ನಿಂತು ಕೇಳುವುದು

ವಾಹನವನ್ನು ದೂರದಲ್ಲೇ ಬಿಡಿ. ಬಾಗಿಲನ್ನು ಬಡಿಯದೆ ಒತ್ತಿ ಮುಚ್ಚಿ. ಐವತ್ತು ಹೆಜ್ಜೆ ಒಳಗೆ ಹೋಗಿ, ಒಂದು ಮರದ ಬೊಡ್ಡೆಗೆ ಬೆನ್ನು ಕೊಟ್ಟು ನಿಲ್ಲಿ. ಮಾತು ಬೇಡ, ದುರ್ಬೀನು ಎತ್ತುವುದೂ ಬೇಡ. ನೀವು ಬಂದಾಗ ಸುಮ್ಮನಾದ ಹಕ್ಕಿಗಳು ಮತ್ತೆ ಬಾಯಿ ಬಿಡಲು ಹತ್ತು ನಿಮಿಷವಾದರೂ ಬೇಕು. ಸೋತು ಬರುವವರು ಈ ಹತ್ತು ನಿಮಿಷ ಕಾಯದೆಯೇ ಮುಂದೆ ನಡೆದಿರುತ್ತಾರೆ. ಮುಂದಿನ ಜಾಗದಲ್ಲೂ ಇದೇ ಕಥೆ.

ಕೇಳಿಸಿದ್ದನ್ನು ಹೆಸರಿಲ್ಲದೆಯೇ ಬರೆದುಕೊಳ್ಳಿ: “ಎಡಕ್ಕೆ, ಮೇಲೆ, ಸೀಟಿಯಂತೆ ಎರಡು ಸ್ವರ”, “ಬಲಕ್ಕೆ, ಪೊದೆಯ ಕೆಳಗೆ, ತರಗೆಲೆ ಸದ್ದು.” ನವಿಲಿನ ಕೂಗು, ಕೋಗಿಲೆಯ ಏರುದನಿ, ಗೌಜುಗದ ಗಟ್ಟಿ ಕೂಗು ಎಲ್ಲರಿಗೂ ಗೊತ್ತಿರುವವೇ, ಅವನ್ನು ಬದಿಗಿಟ್ಟರೆ ಉಳಿದದ್ದನ್ನು ಬಿಡಿಸುವುದು ಸುಲಭ. ತರಗೆಲೆಯ ಸದ್ದನ್ನು ನಿರ್ಲಕ್ಷಿಸಬೇಡಿ. ಹರಟೆಮಲ್ಲಗಳ ಗುಂಪು ಎಲೆ ಮಗುಚುವ ಸದ್ದು ಹೊರಗಿನಿಂದ ದೊಡ್ಡ ಪ್ರಾಣಿಯ ಹೆಜ್ಜೆಯಂತೆಯೇ ಕೇಳುತ್ತದೆ.

ಆ್ಯಪ್ ದನಿ ಕೇಳಿ ಹೆಸರು ಹೇಳುತ್ತದೆ, ನಿಜ. ಅದು ಹೇಳಿದ್ದನ್ನು ಸುಳಿವು ಎಂದಷ್ಟೇ ತೆಗೆದುಕೊಳ್ಳಿ, ಕಣ್ಣಾರೆ ಕಾಣುವವರೆಗೆ ಪಟ್ಟಿಗೆ ಸೇರಿಸಬೇಡಿ. ಕಾಜಾಣಗಳು ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತವೆ. ಆ್ಯಪ್ ಶಿಕ್ರ (ಒಂದು ಸಣ್ಣ ಬೇಟೆಹಕ್ಕಿ) ಎಂದಾಗ ಕೂಗಿದ್ದು ಕಾಜಾಣವೇ ಆಗಿರಬಹುದು. ಇನ್ನು, ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಕರೆಯುವುದನ್ನು ದಯವಿಟ್ಟು ಮಾಡಬೇಡಿ. ವಸಂತ ಅವುಗಳಿಗೆ ಗೂಡಿನ ಕಾಲ. ಗಂಡು ತನ್ನ ಜಾಗಕ್ಕೆ ಬೇರೊಂದು ಗಂಡು ನುಗ್ಗಿತೆಂದು ತಿಳಿದು, ಮೇವನ್ನೂ ಮರಿಯನ್ನೂ ಬಿಟ್ಟು ನಿಮ್ಮ ಮೊಬೈಲಿನ ಸುತ್ತ ಹಾರಾಡುತ್ತದೆ. ಫೋಟೊ ಚೆನ್ನಾಗಿ ಬರುತ್ತದೆ, ಹಕ್ಕಿ ಸೊರಗುತ್ತದೆ.

## 6. ನಡಿಗೆ, ಬೆಳಕು ಮತ್ತು ಹೂಬಿಟ್ಟ ಮರ

ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರಬೇಕು, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ನಡೆಯಬೇಕು. ಜಲಾಶಯದ ಬಳಿಯೂ ಬೆಳಿಗ್ಗೆ ಪೂರ್ವದ ದಂಡೆ, ಸಂಜೆ ಪಶ್ಚಿಮದ ದಂಡೆ. ಇದನ್ನು ಗಮನಿಸದವರಿಗೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ಗಂಡು ಸೂರಕ್ಕಿಯ ಮೈಯ ನೀಲಿ ನೇರಳೆ ಹೊಳಪು ಕಾಣುವುದು ಬೆಳಕು ಅದರ ಮೇಲೆ ಬಿದ್ದಾಗ ಮಾತ್ರ. ಎದುರು ಬೆಳಕಿನಲ್ಲಿ ಅದೊಂದು ಕರಿಚುಕ್ಕೆ.

ಇಪ್ಪತ್ತು ಹೆಜ್ಜೆ ನಡೆಯಿರಿ, ಮೂರು ನಿಮಿಷ ನಿಲ್ಲಿ. ಮೊದಲ ಎರಡು ಗಂಟೆಯಲ್ಲಿ ಒಂದು ಕಿಲೋಮೀಟರಿಗಿಂತ ಹೆಚ್ಚು ಹೋಗಿದ್ದರೆ ವೇಗ ಜಾಸ್ತಿಯಾಯಿತೆಂದೇ ಲೆಕ್ಕ. ಬೆರಳು ಚಾಚಿ ತೋರಿಸುವ ಬದಲು ಗಡಿಯಾರದ ಲೆಕ್ಕದಲ್ಲಿ ಹೇಳಿಕೊಳ್ಳಿ. “ಮತ್ತಿ ಮರ, ಎರಡು ಗಂಟೆಯ ಕೊಂಬೆ, ತುದಿಯಿಂದ ಒಂದು ಮೊಳ ಒಳಗೆ” ಎಂದರೆ ಜೊತೆಗಾರರಿಗೆ ತಕ್ಷಣ ಸಿಗುತ್ತದೆ.

ಹೂಬಿಟ್ಟ ಬೂರುಗವೋ ಮುತ್ತುಗವೋ ಸಿಕ್ಕರೆ ಮುಂದೆ ಹೋಗಬೇಡಿ, ಅಲ್ಲಿಯೇ ಕೂತುಬಿಡಿ. ಮರದಿಂದ ಮೂವತ್ತು ಹೆಜ್ಜೆ ದೂರದಲ್ಲಿ ನೆರಳು ನೋಡಿ ಕೂರಿ. ಬೂರುಗದ ಹೂವು ಅಂಗೈಯಗಲ ಇರುತ್ತದೆ, ಒಳಗೆ ಮಕರಂದ ಹನಿಗಟ್ಟಿ ನಿಂತಿರುತ್ತದೆ. ಗೊರವಂಕ ಅದರೊಳಗೆ ಕತ್ತಿನವರೆಗೆ ಮುಖ ತೂರಿಸಿ, ಹೊರತೆಗೆದಾಗ ಹಣೆಯ ಗರಿಗಳ ಮೇಲೆ ಹಳದಿ ಪರಾಗ ಮೆತ್ತಿಕೊಂಡಿರುತ್ತದೆ. ಆಮೇಲೆ ಅದು ಕೊಕ್ಕನ್ನು ಕೊಂಬೆಗೆ ಎರಡೂ ಬದಿ ಉಜ್ಜಿ ಒರೆಸಿಕೊಂಡು ಮುಂದಿನ ಹೂವಿಗೆ ಹಾರುತ್ತದೆ. ಇದೇ ಮರಕ್ಕೆ ಪಿಕಳಾರ, ಕಾಜಾಣ, ಗಿಳಿ, ಅಳಿಲು ಎಲ್ಲ ಸರದಿಯಂತೆ ಬಂದು ಹೋಗುತ್ತವೆ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬಂದ ಗುಲಾಬಿ ಕಬ್ಬಕ್ಕಿಗಳ ದೊಡ್ಡ ಗುಂಪು ಹಿಂದಿರುಗುವ ಮುನ್ನ ಇಂಥ ಮರಗಳ ಮೇಲೆಯೇ ಇಳಿಯುತ್ತದೆ. ಒಂದು ಗಂಟೆ ಒಂದೇ ಮರದ ಬಳಿ ಕೂತವರ ಪಟ್ಟಿ, ಐದು ಕಿಲೋಮೀಟರ್ ನಡೆದವರ ಪಟ್ಟಿಗಿಂತ ಉದ್ದವಿರುತ್ತದೆ. ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಮರಗಳಿಗೂ ಇದೇ ಮಾತು.

## 7. ಗುರುತು ಹಿಡಿಯುವ ಕ್ರಮ

ಬಣ್ಣದಿಂದ ಶುರು ಮಾಡಬೇಡಿ. ಬೆಳಕು ಬದಲಾದಂತೆ ಬಣ್ಣ ಮೋಸ ಮಾಡುತ್ತದೆ. ಮೊದಲು ಗಾತ್ರ: ಗುಬ್ಬಿಯಷ್ಟೇ, ಗೊರವಂಕದಷ್ಟೇ, ಕಾಗೆಯಷ್ಟೇ? ಆಮೇಲೆ ಕೊಕ್ಕಿನ ಆಕಾರ, ಬಾಲದ ಉದ್ದ, ಕೂರುವ ರೀತಿ. ಅದು ಎಲ್ಲಿದೆ, ಏನು ಮಾಡುತ್ತಿದೆ? ಬಣ್ಣ ಇವೆಲ್ಲದರ ನಂತರ. ಹಕ್ಕಿ ಹಾರಿಹೋಗುವವರೆಗೆ ಪುಸ್ತಕವನ್ನೂ ಆ್ಯಪನ್ನೂ ತೆರೆಯಬೇಡಿ; ಅದು ಎದುರಿಗಿರುವಷ್ಟು ಹೊತ್ತು ಕಣ್ಣು ಅದರ ಮೇಲೇ ಇರಲಿ.

ಈ ಕಾಡಿನಲ್ಲಿ ಜನ ಪದೇ ಪದೇ ತಪ್ಪುವ ಕೆಲವು ಜೋಡಿಗಳಿವೆ.

ಕಾಜಾಣಗಳು. ಹೊಳೆಯುವ ಕಪ್ಪು, ಆಳವಾಗಿ ಕವಲೊಡೆದ ಬಾಲ, ಬಾಯಿಯ ಮೂಲೆಯಲ್ಲಿ ಸಣ್ಣ ಬಿಳಿ ಚುಕ್ಕೆ ಇದ್ದರೆ ಅದು ಹೊಲದಲ್ಲಿ, ತಂತಿಯ ಮೇಲೆ ದಿನವೂ ಕಾಣುವ ಕರಿ ಕಾಜಾಣ. ಮೈ ಬೂದು, ಕಣ್ಣು ಕಡುಗೆಂಪು ಇದ್ದರೆ ಚಳಿಗಾಲದ ಅತಿಥಿ ಬೂದು ಕಾಜಾಣ. ಹೊಟ್ಟೆ ಬೆಳ್ಳಗಿದ್ದರೆ ಬಿಳಿಹೊಟ್ಟೆಯ ಕಾಜಾಣ. ಅದಕ್ಕೆ ಮರಗಳ ಆಸರೆಯೇ ಇಷ್ಟ. “ಕಾಜಾಣ” ಎಂದು ಒಂದೇ ಪದ ಬರೆದು ಮುಂದೆ ಹೋಗುವ ಮುನ್ನ ಕಣ್ಣು ಮತ್ತು ಹೊಟ್ಟೆ ಎರಡನ್ನೂ ನೋಡಿ.

ಗಿಳಿಗಳು. ಊರಿನ ಗಿಳಿಗೆ ಕೊಕ್ಕು ಕೆಂಪು. ಕಾಡಿನಲ್ಲಿ ಕಾಣುವ ಕೆಂದಲೆ ಗಿಳಿ ಅದಕ್ಕಿಂತ ಚಿಕ್ಕದು, ಮೇಲ್ಕೊಕ್ಕು ಹಳದಿ, ಬಾಲದ ತುದಿ ಬಿಳಿ. ಗಂಡಿನ ತಲೆ ನೇರಳೆಗೆಂಪು, ಹೆಣ್ಣಿನದು ಬೂದು. ಹಾರುವಾಗಿನ ದನಿಯೂ ಊರ ಗಿಳಿಯ ಕಿರುಚಾಟದಂತಿರದೆ ಮೃದುವಾಗಿರುತ್ತದೆ.

ಶಿಕ್ರ ಮತ್ತು ಶಿಕ್ರದಂಥ ಕೋಗಿಲೆ. ಎರಡಕ್ಕೂ ಬೂದು ಬೆನ್ನು, ಪಟ್ಟೆ ಬಾಲ; ಎರಡನ್ನೂ ಕಂಡರೆ ಸಣ್ಣ ಹಕ್ಕಿಗಳು ಗಾಬರಿಯಾಗುತ್ತವೆ. ಕೂತಾಗ ಕೊಕ್ಕು ನೋಡಿ. ಶಿಕ್ರದ್ದು ಕೊಕ್ಕೆಯಂತೆ ಬಾಗಿರುತ್ತದೆ, ಕಾಲು ಗಟ್ಟಿ, ಉಗುರು ಚೂಪು. ಕೋಗಿಲೆಯ ಕೊಕ್ಕಿನಲ್ಲಿ ಆ ಕೊಕ್ಕೆ ಇಲ್ಲ, ಕಾಲು ಕುಳ್ಳು, ಕಣ್ಣಿನ ಸುತ್ತ ಹಳದಿ ಬಳೆ. ಬೇಸಗೆ ಏರಿದಂತೆ ಮೆಟ್ಟಿಲು ಹತ್ತಿದ ಹಾಗೆ ದನಿ ಏರಿಸುತ್ತ ಕೂಗುವುದು ಈ ಕೋಗಿಲೆಯೇ.

ನೀಲಕಂಠ. ನಮ್ಮ ರಾಜ್ಯಪಕ್ಷಿ. ಕೂತಾಗ ಮಂಕು ಕಂದು ಬಣ್ಣದ ದಪ್ಪ ತಲೆಯ ಹಕ್ಕಿ. ರೆಕ್ಕೆ ಬಿಚ್ಚಿದೊಡನೆ ಎರಡು ಬಗೆಯ ನೀಲಿ. ಮಿಂಚುಳ್ಳಿ ಎಂದು ಬರೆದುಕೊಳ್ಳುವವರು ಬಹಳ. ಮಿಂಚುಳ್ಳಿಯ ಕೊಕ್ಕು ಉದ್ದವಾಗಿ ಕೆಂಪಗಿರುತ್ತದೆ, ಎದೆ ಬಿಳಿ. ನೀಲಕಂಠದ ಕೊಕ್ಕು ಕಪ್ಪು, ಗಿಡ್ಡ. ಮಾರ್ಚಿನಲ್ಲಿ ಗಂಡು ನೀಲಕಂಠ ಎತ್ತರಕ್ಕೆ ಏರಿ, ಕರ್ಕಶವಾಗಿ ಕೂಗುತ್ತ ಪಲ್ಟಿ ಹೊಡೆದು ಇಳಿಯುತ್ತದೆ. ಇದನ್ನು ನೋಡಲು ಕಾಡಿನ ನಡುವಿಗಿಂತ ಹೊಲದಂಚು ಒಳ್ಳೆಯದು.

## 8. ಹತ್ತರಿಂದ ನಾಲ್ಕರವರೆಗೆ

ಹತ್ತು ಗಂಟೆಯ ಹೊತ್ತಿಗೆ ದನಿಗಳು ಇಳಿಯುತ್ತವೆ. ಕುಟುರ ಹಕ್ಕಿಯ ಟುಕ್ ಟುಕ್ ಒಂದೇ ಬಿಡದೆ ಕೇಳುತ್ತಿರುತ್ತದೆ. ಈಗ ನಡೆಯುವುದು ವ್ಯರ್ಥ. ತಾಂಡಾದವರು ಹೇಳಿದ ಹೊಂಡದ ಬಳಿ, ನೀರಿನಿಂದ ನಲವತ್ತು ಹೆಜ್ಜೆ ಆಚೆ ದಟ್ಟ ನೆರಳಿನಲ್ಲಿ ಕೂರಿ. ಸುತ್ತಲ ತೊರೆಗಳು ಒಣಗಿರುವುದರಿಂದ ನೀರು ಕುಡಿಯಲು ಹಕ್ಕಿಗಳು ಇಲ್ಲಿಗೇ ಬರಬೇಕು. ಬುತ್ತಿ ಉಣ್ಣುವುದು, ಬೆಳಗಿನ ಟಿಪ್ಪಣಿ ತಿದ್ದುವುದು ಇದೇ ಹೊತ್ತಿನಲ್ಲಿ. ನೀರಿನ ಅಂಚಿಗೇ ಹೋಗಿ ಕೂರಬೇಡಿ. ಬಾಯಾರಿದ ಹಕ್ಕಿಗೆ ದಾರಿ ಕಟ್ಟಿದಂತಾಗುತ್ತದೆ. ದನಕರು, ಕಾಡುಪ್ರಾಣಿ ಬರುವ ಜಾಡಿನಿಂದಲೂ ದೂರವಿರಿ.

ಕ್ಯಾಮೆರಾ ಹೊರತೆಗೆಯಲು ಇದು ಸರಿಯಾದ ಹೊತ್ತು. ನೀವು ಅಲುಗುವುದಿಲ್ಲ, ಹಕ್ಕಿ ತಾನಾಗಿ ಹತ್ತಿರ ಬರುತ್ತದೆ.

## 9. ಕೂಡಲೇ ಹಿಂದೆ ಸರಿಯಬೇಕಾದ ಲಕ್ಷಣಗಳು

ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ, ಕೂಗುತ್ತ ಎರಗಿ ಬಂದರೆ ಅದರ ಮೊಟ್ಟೆ ಅಥವಾ ಮರಿ ನಿಮ್ಮ ಕಾಲಿನ ಹತ್ತಿರವೇ ಇದೆ ಎಂದರ್ಥ. ಟಿಟ್ಟಿಭ ಬರಿನೆಲದ ಮೇಲೆ ಮೊಟ್ಟೆ ಇಡುತ್ತದೆ, ಮೊಟ್ಟೆಯ ಬಣ್ಣ ಕಲ್ಲುಮಣ್ಣಿನದೇ. ನಿಂತಲ್ಲೇ ನಿಂತು ನೆಲ ನೋಡಿ, ಬಂದ ಹೆಜ್ಜೆಯ ಮೇಲೆಯೇ ಹಿಂದೆ ಹೋಗಿ. ಯಾವುದೇ ಹಕ್ಕಿ ಬಾಯಲ್ಲಿ ಹುಳು ಹಿಡಿದು ಕೊಂಬೆಯಿಂದ ಕೊಂಬೆಗೆ ಹಾರುತ್ತ ಕೂಗುತ್ತಿದ್ದರೆ ನೀವು ಅದರ ಗೂಡಿಗೆ ಅಡ್ಡವಾಗಿದ್ದೀರಿ. ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನು 1972ರ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಗೂಡಿನ ಫೋಟೊಗಾಗಿ ಕೊಂಬೆ ಸರಿಸುವವರು ಇದನ್ನು ತಿಳಿದಿರಲಿ.

ಹೆಜ್ಜೇನು ವಸಂತದ ದೊಡ್ಡ ಅಪಾಯ. ಹೂಬಿಟ್ಟ ಮರದ ಮೇಲಿನ ಕೊಂಬೆ, ಬಂಡೆಯ ಕೆಳಮೈ ನೋಡಿ, ಜೇನುತಟ್ಟಿ ಇಲ್ಲವೆಂದು ಖಚಿತ ಮಾಡಿಕೊಂಡೇ ಕೂರಿ. ಸುಗಂಧ ಹಚ್ಚಿಕೊಂಡು ಬರಬೇಡಿ. ಜೇನುಗಿಡುಗ ತಟ್ಟಿಗೆ ಎರಗುವುದು ಕಂಡರೆ ನೋಡುತ್ತ ನಿಲ್ಲಬೇಡಿ. ಕೆರಳಿದ ನೊಣಗಳು ಕೆಳಗಿರುವವರನ್ನು ಬಿಡುವುದಿಲ್ಲ. ಮುಖ ಮುಚ್ಚಿಕೊಂಡು ವಾಹನದ ಕಡೆ ಓಡಿ, ಕೈ ಬೀಸಬೇಡಿ. ಬೀಡಿ, ಸಿಗರೇಟು, ಒಲೆ ಯಾವುದೂ ಕಾಡಿನೊಳಗೆ ಬೇಡ. ಈ ತರಗೆಲೆಗೆ ಒಂದು ಕಿಡಿ ಸಾಕು.

ತಲೆನೋವು, ತಲೆಸುತ್ತು, ಕಾಲಿನ ಸ್ನಾಯು ಹಿಡಿದುಕೊಳ್ಳುವುದು ಬಿಸಿಲು ಬಡಿಯುವ ಮೊದಲ ಲಕ್ಷಣಗಳು. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಒದ್ದೆ ಟವೆಲ್ಲು ಹಾಕಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಮೈ ಸುಡುತ್ತಿದ್ದು ಮಾತು ತೊದಲಿದರೆ ಬಾಯಿಗೆ ಏನೂ ಹಾಕದೆ, ಮೈ ತಣ್ಣಗೆ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ.

## 10. ಸಂಜೆ, ಮತ್ತು ಪಟ್ಟಿ

ನಾಲ್ಕೂವರೆಯ ನಂತರ ಜಲಾಶಯದ ಪಶ್ಚಿಮ ದಂಡೆಗೆ ಬನ್ನಿ. ರಾಮದಾಸ ಹದ್ದು ಬಯಲಿನ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಜಾಗದಲ್ಲಿ ತೇಲುವುದು ಈ ಹೊತ್ತಿನಲ್ಲಿ ಕಾಣಸಿಗುತ್ತದೆ. ಹರಟೆಮಲ್ಲ, ಕಾಜಾಣ, ಪಿಕಳಾರ ಒಟ್ಟಿಗೆ ಸೇರಿ ಒಂದು ಪೊಟರೆಯತ್ತ ಕೂಗುತ್ತಿದ್ದರೆ ಅದರೊಳಗೆ ಹಾಲಕ್ಕಿಯೋ (ಸಣ್ಣ ಗೂಬೆ) ಹಾವೋ ಇರುತ್ತದೆ. ದೂರದಿಂದ ದುರ್ಬೀನಿನಲ್ಲೇ ನೋಡಿ. ಅನುಮತಿಯಲ್ಲಿ ಹೇಳಿದ ಹೊತ್ತಿಗೆ ಹೊರಬನ್ನಿ.

ಪಟ್ಟಿಯನ್ನು ಅದೇ ರಾತ್ರಿ ಪೂರ್ತಿ ಮಾಡಿ. ಹಕ್ಕಿ ವೀಕ್ಷಕರು ತಮ್ಮ ಪಟ್ಟಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವುದಾದರೆ ದಿನವಿಡೀ ಒಂದೇ ಪಟ್ಟಿ ಮಾಡಬೇಡಿ. ಬೆಳಗಿನ ನಡಿಗೆ ಒಂದು, ಹೂಮರದ ಕೆಳಗಿನ ಗಂಟೆ ಒಂದು, ಹೊಂಡದ ಬಳಿಯದು ಒಂದು ಎಂದು ಬೇರೆ ಬೇರೆ ಇರಲಿ. ಪ್ರತಿಯೊಂದಕ್ಕೂ ಶುರುವಾದ ಸಮಯ, ಎಷ್ಟು ಹೊತ್ತು, ಎಷ್ಟು ದೂರ ಎಂಬುದನ್ನು ಬರೆಯಿರಿ. ಕಾಗೆ, ಗೊರವಂಕಗಳನ್ನು ಬಿಡಬೇಡಿ. ಕಂಡ ಜಾತಿಗಳನ್ನೆಲ್ಲ ಬರೆದಾಗ ಮಾತ್ರ ಪಟ್ಟಿ ಪೂರ್ಣವೆಂದು ಗುರುತು ಹಾಕಬಹುದು. ಗೂಡಿನ ನಿಖರ ಜಾಗವನ್ನು ಎಲ್ಲೂ ಹಂಚಿಕೊಳ್ಳಬೇಡಿ. ಹೊಟ್ಟೆ ಕಾಣದೆ ಹಾರಿಹೋದ ಕಾಜಾಣವನ್ನು “ಕಾಜಾಣ, ಯಾವುದೆಂದು ತಿಳಿಯಲಿಲ್ಲ” ಎಂದೇ ಬರೆಯಿರಿ, ಅಂದಾಜಿನ ಹೆಸರು ಹಾಕಬೇಡಿ.